ಆನೆ ಮುಂದೆ ನಿಂತ ಮಗಳು

"ಕಾಲು ಮುರ್ದು ಕೈಗೆ ಕೊಟ್ಬುಡ್ತೀನಿ! ನಾಳೆಯಿಂದ ಕಾಲೇಜೂ ಇಲ್ಲ, ಗೀಲೇಜೂ ಇಲ್ಲ. ಓದಿದ್ದೂ ಸಾಕು, ಮೆರ್ದಿದ್ದೂ ಸಾಕು!"

"ಮೆಲ್ಲಗೆ ಕೂಗು. ಬೀದಿಗೆಲ್ಲಾ ಕೇಳ್ತದೆ."

"ಕೇಳ್ಲಿ ಬುಡು! ಊರೋರೆಲ್ಲಾ ಫೋನಲ್ಲಿ ಕಣ್ತುಂಬ ನೋಡವ್ರೆ. ಕೇಳೋದೊಂದು ಬಾಕಿ ಇತ್ತು, ಕೇಳ್ಲಿ!"

ಮುದ್ದಯ್ಯ ಡ್ಯೂಟಿ ಮುಗಿಸಿ ಬೇಗೂರಿನ ಮನೆಗೆ ಬಂದು ಇನ್ನೂ ಖಾಕಿ ಅಂಗಿ ಬಿಚ್ಚಿರಲಿಲ್ಲ. ಅವನ ಹೆಂಡತಿ ಪುಟ್ಟಮಾದಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದು ಅಪ್ಪನಿಗೂ ಮಗಳಿಗೂ ನಡುವೆ ನಿಂತಿದ್ದಳು. ಮಗಳು ಭವ್ಯ ಗೋಡೆಗೆ ಅಂಟಿಕೊಂಡು ನೆಲ ನೋಡುತ್ತಿದ್ದಳು. ಅವಳಿಗೆ ಹದಿನಾರು ವರ್ಷ. ಗುಂಡ್ಲುಪೇಟೆಯಲ್ಲಿ ಮೊದಲನೇ ಪಿಯುಸಿ.

ಮುದ್ದಯ್ಯ ಬಂಡೀಪುರದ ಕಾಡಿನಲ್ಲಿ ಇಪ್ಪತ್ತು ವರ್ಷದಿಂದ ವಾಚರ್. ಹೆದ್ದಾರಿಯಲ್ಲಿ ನಿಂತು ಬಂದ ಬಂದ ಕಾರಿನವರಿಗೆಲ್ಲ ಒಂದೇ ಮಾತು ಹೇಳುವುದು ಅವನ ಕೆಲಸ. ಗಾಡಿ ನಿಲ್ಲಿಸಬೇಡಿ, ಕೆಳಗೆ ಇಳಿಯಬೇಡಿ. ಮೈಸೂರಿನವರಿಗೆ ಕನ್ನಡದಲ್ಲಿ ಹೇಳುತ್ತಿದ್ದ, ಕೇರಳದವರಿಗೆ "ಇರಂಗಲ್ಲೇ" ಎನ್ನುತ್ತಿದ್ದ, ಊಟಿ ಕಡೆಯವರಿಗೆ "ಎರಂಗಾದೀಂಗ" ಎನ್ನುತ್ತಿದ್ದ. ಮೂರು ಭಾಷೆಯಲ್ಲಿ ಹೇಳಿದ್ದನ್ನು ಮನೆಯ ಮಗಳೇ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಅಂದು ಮಧ್ಯಾಹ್ನ ರೇಂಜ್ ಆಫೀಸರ್ ಅವನನ್ನು ಕರೆದು ಫೋನ್ ಮುಂದೆ ಹಿಡಿದಿದ್ದರು.

"ಇದು ನಿಮ್ಮ ಮಗಳು ತಾನೆ, ಮುದ್ದಯ್ಯ?"

ವಿಡಿಯೊದಲ್ಲಿ ಕಾಡಿನ ರಸ್ತೆ. ರಸ್ತೆಯಂಚಿನಲ್ಲಿ ಒಂದು ಪ್ರಾಯದ ಗಂಡಾನೆ. ಅದಕ್ಕೆ ಬೆನ್ನು ಮಾಡಿ, ಮೂವತ್ತು ಹೆಜ್ಜೆ ಈಚೆಗೆ, ಕಾಲೇಜಿನ ಬಟ್ಟೆಯಲ್ಲಿ ಭವ್ಯ. ಕಾರಿನೊಳಗಿದ್ದ ಗೆಳತಿಯರು ಕೇಕೆ ಹಾಕುತ್ತಿದ್ದರು. ಭವ್ಯ ಎರಡು ಕೈ ಮೇಲೆತ್ತಿ, "ನೋಡ್ರೋ, ವಾಚರ್ ಮುದ್ದಯ್ಯನ ಮಗ್ಳು ನಾನು!" ಎಂದು ಕೂಗಿದಳು. ಆನೆ ಕಿವಿ ಅಗಲಿಸಿ ನುಗ್ಗಿತು. ಅಲ್ಲಿಗೆ ಚಿತ್ರ ಅಲುಗಾಡಿ, ಕಿರುಚಾಟ ಕೇಳಿ, ನಿಂತುಹೋಯಿತು. ಶನಿವಾರ ನಡೆದ ಕತೆ ಅದು. ಮಂಗಳವಾರದ ಹೊತ್ತಿಗೆ ಸಾವಿರಾರು ಜನ ನೋಡಿದ್ದರು.

ಆಫೀಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮನೇಲಿ ಸ್ವಲ್ಪ ಹೇಳಿ" ಎಂದಷ್ಟೇ ಅಂದು ಫೋನ್ ಜೇಬಿಗೆ ಹಾಕಿಕೊಂಡರು. ಬೇಗೂರಿನವರೆಗೆ ಬಸ್ಸಿನಲ್ಲಿ ಕೂತು ಬಂದಷ್ಟೂ ಹೊತ್ತು ಮುದ್ದಯ್ಯನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಕುಣಿಯುವುದು ಕುಣಿದಳು, ನನ್ನ ಹೆಸರನ್ನು ಯಾಕೆ ತಂದಳು?

"ಯಾಕಮ್ಮಿ ಮಾಡ್ದೆ? ಬಾಯಿ ಬುಡು!"

ಭವ್ಯ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

"ಏನ್ ಕಮ್ಮಿ ಮಾಡಿದ್ದೆ ನಿಂಗೆ? ಯಾಕೆ ಮಾಡ್ದೆ ಅಂತ ಯೋಳು!"

ಕೈ ಎತ್ತಿದ. ಪುಟ್ಟಮಾದಮ್ಮ ಮುದ್ದೆಕೋಲು ಎತ್ತಿದಳು. "ಅವ್ಳ ಮೇಲೆ ಕೈ ಬಿದ್ರೆ ಇದು ನಿನ್ ಮೇಲೆ ಬೀಳ್ತದೆ. ಗೊತ್ತಿರ್ಲಿ."

ಜಗುಲಿಯ ಮೇಲೆ ಕೂತಿದ್ದ ರಾಜಣ್ಣ ಅಲ್ಲಿಂದಲೇ ಕೆಮ್ಮಿದ. ರಾಜಣ್ಣ ಮುದ್ದಯ್ಯನಿಗೆ ದಾಯಾದಿ ಅಣ್ಣ. ಊರಲ್ಲಿ ಯಾರ ಮನೆಯಲ್ಲಿ ಗದ್ದಲವಾದರೂ ಮೊದಲು ಬರುವವನು ಅವನು. ಬಂದರೆ ಬರಿಗೈಯಲ್ಲಿ ಬರುವವನಲ್ಲ, ಒಂದು ಗಂಡಿನ ವಿಚಾರ ಹಿಡಿದುಕೊಂಡೇ ಬರುತ್ತಿದ್ದ.

"ನೋಡ್ಲಾ ಮುದ್ದ, ಕೂಗಾಡಿ ಬಾಯಿ ಯಾಕೆ ಒಣಗಿಸ್ಕತೀಯ? ನಂಜನಗೂಡು ಕಡೆ ಒಂದು ಗಂಡದೆ. ಟ್ರಾಕ್ಟರದೆ, ಎರಡೆಕ್ರೆ ನೀರಾವರಿ ಅದೆ. ಭಾನುವಾರ ಬಂದು ನೋಡ್ಕಂಡು ಓಗ್ಲಿ. ಕೊಳ್ಗೆ ತಾಳಿ ಬಿದ್ರೆ ಎಲ್ಲಾ ತೆಪ್ಪಗಾಯ್ತವೆ."

"ಅವ್ಳಿಗೆ ಹದಿನಾರು ಕಣಣ್ಣ," ಎಂದಳು ಪುಟ್ಟಮಾದಮ್ಮ.

"ಹದಿನೆಂಟು ಅಂದ್ರಾಯ್ತು. ಯಾರು ಹಲ್ಲು ಎಣಿಸ್ತಾರೆ? ನಮ್ ಕಾಲ್ದಲ್ಲಿ ಹೆಣ್ಮಕ್ಳು ಇಂಗೆಲ್ಲಾ ಮಾಡ್ತಿದ್ರಾ?"

"ನಿಮ್ ಕಾಲ್ದಲ್ಲಿ ಫೋನಿರ್ನಿಲ್ಲ. ಅದಕ್ಕೆ ನೀವೇನೇನು ಮಾಡಿದ್ರಿ ಅಂತ ಯಾರಿಗೂ ಗೊತ್ತಾಗ್ನಿಲ್ಲ."

ಬೇರೆ ದಿನವಾಗಿದ್ದರೆ ಮುದ್ದಯ್ಯನಿಗೆ ನಗು ಬರುತ್ತಿತ್ತು. ಅಂದು ಬರಲಿಲ್ಲ. ಮಗಳ ಫೋನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. "ಭಾನುವಾರ ಬರೇಳು ಅವ್ರಿಗೆ," ಎಂದು ರಾಜಣ್ಣನಿಗೆ ಹೇಳಿಬಿಟ್ಟ. ಭವ್ಯ ತಲೆ ಎತ್ತಿ ಒಂದು ಸಲ ಅಪ್ಪನನ್ನು ನೋಡಿದಳು. ಅಷ್ಟೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಉಣ್ಣಲಿಲ್ಲ.

ಮರುದಿನ ಮುದ್ದಯ್ಯನಿಗೆ ವಾರದ ರಜೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಆಶಾ ಕಾರ್ಯಕರ್ತೆ ಗಂಗಾಂಬಿಕೆ ಚೀಲ ತಗಲಿಸಿಕೊಂಡು ಬಂದಳು. ಹುಡುಗಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಎಣಿಸಿ ಜಗುಲಿಯ ಮೇಲಿಟ್ಟು, "ಎಲ್ಲಿ ಭವ್ಯ? ಇವತ್ತು ಬುಧವಾರ, ಕಾಲೇಜಿಲ್ವಾ?" ಎಂದಳು.

ಪುಟ್ಟಮಾದಮ್ಮನಿಗೆ ಅಷ್ಟೇ ಸಾಕಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲವನ್ನೂ ಹೇಳಿದಳು. ಗಂಗಾಂಬಿಕೆ ಚೀಲ ಕೆಳಗಿಟ್ಟು ಗಟ್ಟಿಯಾಗಿ ಕೂತಳು. ಆಕೆ ಹಾಗೆ ಕೂತರೆ ಕೆಲಸ ಮುಗಿಯದೆ ಏಳುವುದಿಲ್ಲ ಎಂದು ಇಡೀ ಬೇಗೂರಿಗೆ ಗೊತ್ತು.

"ಮುದ್ದಯ್ಯಣ್ಣ, ಒಸಿ ಬಾ ಇಲ್ಲಿ. ಒಂದು ಮಾತು ಕೇಳ್ತೀನಿ. ಆನೆ ಮುಂದೆ ನಿಂತ್ರೆ ಸಾಯ್ತೀವಿ ಅಂತ ನಿನ್ ಮಗ್ಳಿಗೆ ಗೊತ್ತಿತ್ತೋ ಇಲ್ವೋ?"

"ಗೊತ್ತಿಲ್ದೆ ಏನು? ವಾಚರ್ ಮಗ್ಳು. ಬೇರೆ ಮಕ್ಳಿಗೆ ಇವ್ಳೇ ಪಾಠ ಯೋಳ್ಬೇಕು."

"ಗೊತ್ತಿದ್ದೂ ನಿಂತ್ಳು. ಹಂಗಾರೆ ಗೊತ್ತು ಮಾಡ್ಸೋದ್ರಿಂದ ಆಗೋ ಕೆಲ್ಸ ಅಲ್ಲ ಇದು. ನೀನು ಮತ್ತೆ ಮತ್ತೆ ಗೊತ್ತಿಲ್ವಾ, ಗೊತ್ತಿಲ್ವಾ ಅಂತ ಕೂಗಿದ್ರೆ ಏನು ಪ್ರಯೋಜ್ನ?"

ಮುದ್ದಯ್ಯ ಬಂದು ಜಗುಲಿಯ ತುದಿಯಲ್ಲಿ ಕೂತ.

"ನಮ್ಗೆ ಟ್ರೇನಿಂಗಲ್ಲಿ ಯೋಳಿದ್ದು ಕೇಳು," ಎಂದಳು ಗಂಗಾಂಬಿಕೆ. "ಮಕ್ಳಿಗೆ ಹದಿಮೂರು ಹದಿನಾಲ್ಕು ಆಯ್ತಿದ್ದಂಗೆ ತಲೆ ಒಳಗೆ ಹೊಸದು ಬೇಕು, ಮಜಾ ಬೇಕು, ಸ್ನೇಹಿತ್ರು ಭೇಷ್ ಅನ್ಬೇಕು ಅನ್ನೋ ಭಾಗ ಜೋರಾಗ್ಬುಡ್ತದೆ. 'ತಡೀ, ಮುಂದೇನಾಯ್ತದೆ' ಅನ್ನೋ ಭಾಗ ಮಾತ್ರ ನಿಧಾನ. ಅದು ಪೂರ್ತಿ ಬಲಿಯಕ್ಕೆ ಇಪ್ಪತ್ತು ದಾಟಿ ಇನ್ನೂ ಮೂರ್ನಾಕು ವರ್ಸ ಬೇಕು. ಒಬ್ಳೇ ಇದ್ದಿದ್ರೆ ಇವ್ಳು ಕಾರಿಂದ ಇಳೀತಿರ್ಲಿಲ್ಲ. ನಾಲ್ಕು ಜನ ನೋಡ್ತಾವ್ರೆ ಅಂದಾಗ ಇಳಿದ್ಳು. ಸೊಕ್ಕಲ್ಲ ಕಣಣ್ಣ ಅದು, ವಯಸ್ಸು."

"ಓಹೋ! ಹಂಗಾರೆ ಊರ ಮಕ್ಳೆಲ್ಲಾ ಸಾಲಾಗಿ ಬಂದು ಆನೆ ಮುಂದೆ ನಿಲ್ಬೇಕಾಗಿತ್ತಲ್ಲ?"

"ಒಬ್ಬೊಬ್ರದ್ದು ಒಂದೊಂದು. ಒಬ್ಬ ಹೈವೇಲಿ ಮೂರು ಜನ ಕೂರಿಸ್ಕಂಡು ಬೈಕು ಓಡಿಸ್ತಾನೆ. ಇನ್ನೊಬ್ಬ ಕೆರೆ ಏರಿಯಿಂದ ಧುಮುಕ್ತಾನೆ. ಇನ್ನೊಬ್ಳು ಮುಖ ನೋಡ್ದೋನ ಜೊತೆ ಫೋನಲ್ಲಿ ಮಾತಾಡ್ತಾಳೆ. ನೀನು ಹದಿನಾರರಲ್ಲಿ ಏನು ಮಾಡಿದ್ದೆ? ಯೋಳು ನೋಡನ."

"ನಾನಾ? ನಾನೇನೂ..." ಎಂದ ಮುದ್ದಯ್ಯ. ಒಳಗಿನಿಂದ ಪುಟ್ಟಮಾದಮ್ಮ, "ಈರುಳ್ಳಿ ಲಾರಿ ಹಿಂದ್ಗಡೆ ನೇತಾಡ್ಕಂಡು ಗುಂಡ್ಲುಪೇಟೆಗೆ ಸಿನಿಮಾಕ್ಕೆ ಓಯ್ತಿದ್ರಂತೆ. ಇವ್ರವ್ವನೇ ಯೋಳವ್ರೆ," ಎಂದಳು.

"ಅದು ಬೇರೆ!"

"ಎಂಗೆ ಬೇರೆ?"

ಮುದ್ದಯ್ಯ ಮಾತ್ರೆಯ ಪೊಟ್ಟಣವನ್ನು ಅತ್ತಿತ್ತ ಸರಿಸಿದ. ಗಂಗಾಂಬಿಕೆ ಬಿಡಲಿಲ್ಲ.

"ಹೋಗ್ಲಿ, ನಿನ್ ಕಾಡಿನ ವಿಚಾರಕ್ಕೇ ಬರನ. ರಾಗಿ ಹೊಲಕ್ಕೆ ನುಗ್ಗೋದು ಯಾವ ಆನೆ? ಮುದಿ ಆನೆಯಾ?"

"ಮುದಿಯವು ಯಾಕೆ ಬತ್ತವೆ? ಹುಷಾರಾಗಿರ್ತವೆ. ಬರೋವು ಪ್ರಾಯದ ಗಂಡು. ಹದಿನೈದು, ಇಪ್ಪತ್ತು ವರ್ಸದವು. ಹಿಂಡು ಬುಟ್ಟು ಎರಡು ಮೂರು ಜೊತೆ ಸೇರ್ಕಂಬುಡ್ತವೆ. ಬೇಲೀಲಿ ಕರೆಂಟದೆ ಅಂತ ಗೊತ್ತಿದ್ರೂ ಒಂದು ತಳ್ತದೆ, ಇನ್ನೊಂದು..."

ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

"ಅಂಥ ಆನೆ ಬಂದ್ರೆ ನೀವೇನು ಮಾಡ್ತೀರಿ? ಸುತ್ತಗಟ್ಟಿ ಕಲ್ಲು ಹೊಡೀತೀರಾ?"

"ಕಲ್ಲು ಹೊಡದ್ರೆ ಮುಗೀತು ಕತೆ. ಸುತ್ತಗಟ್ಲೇಬಾರ್ದು. ವಾಪಸ್ ಓಗಕ್ಕೆ ಒಂದು ದಾರಿ ಬುಟ್ಟು, ದೂರ ನಿಂತ್ಕಂಡು, ನಾವಿದೀವಿ ಅಂತ ಗೊತ್ತು ಮಾಡ್ಬೇಕು. ಗಾಬ್ರಿ ಮಾಡ್ಬಾರ್ದು."

"ಕಾಡಿನ ಆನೆಗೆ ಇಷ್ಟು ಮರ್ಯಾದೆ ಕೊಡ್ತೀಯ. ಹೊಟ್ಟೇಲಿ ಹುಟ್ಟಿದ್ದನ್ನ ಗೋಡೆಗೆ ಒತ್ತರಿಸಿ ನಾಲ್ಕು ಕಡೆಯಿಂದ ಕೂಗ್ತೀಯ. ಕಾಲೇಜು ಬಂದ್, ಫೋನ್ ಬಂದ್, ಮದುವೆ. ವಾಪಸ್ ಬರಕ್ಕೆ ದಾರಿ ಎಲ್ಲಿ ಬುಟ್ಟಿದ್ದೀಯ ಅವ್ಳಿಗೆ?"

ಮುದ್ದಯ್ಯ ಎದ್ದು ನಿಂತ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. "ಹಂಗಾರೆ ಭೇಷ್ ಅಂತ ಬೆನ್ನು ತಟ್ಟಲಾ?"

"ಯಾರಂದ್ರು? ತಪ್ಪು ತಪ್ಪೇ. ದಂಡನೆ ಬೇಕು, ಕಟ್ಟುಪಾಡೂ ಬೇಕು. ಅದು ತಪ್ಪಿಗೆ ತಕ್ಕಂಗಿರ್ಬೇಕು. ಹದಿನಾರಕ್ಕೆ ಮದುವೆ ಮಾಡೋದು ದಂಡನೆಯಲ್ಲ, ಅಪರಾಧ. ಮುಂದೆ ನಿಂತು ಮಾಡ್ಸಿದೋರ ಮೇಲೆಲ್ಲಾ ಕೇಸಾಯ್ತದೆ. ನಿಂದು ಸರ್ಕಾರಿ ಕೆಲ್ಸ ಬೇರೆ. ಅದೂ ಹೋಗ್ಲಿ ಅನ್ನು. ತಾಳಿ ಕಟ್ಟಿಸಿದ ತಕ್ಷಣ ಅವ್ಳಿಗೆ ಬುದ್ಧಿ ಬಲೀತದಾ? ಹೊಟ್ಟೇಲಿ ಮಗು ಬತ್ತದೆ, ಅಷ್ಟೆ. ಆಮೇಲೆ ಆ ಮಗೂನೂ ಅಳ್ತದೆ, ಅದನ್ನ ಹೆತ್ತ ಮಗೂನೂ ಅಳ್ತದೆ."

ಗಂಗಾಂಬಿಕೆ ಚೀಲ ಎತ್ತಿಕೊಂಡಳು. ಹೊರಡುವ ಮುಂಚೆ ತಗ್ಗಿದ ದನಿಯಲ್ಲಿ ಹೇಳಿದಳು:

"ಕೇಳಣ್ಣ. 'ಯಾಕೆ ಮಾಡ್ದೆ' ಅಂತ ಕೇಳ್ಬೇಡ. ಯಾಕೆ ಅಂತ ಅವ್ಳಿಗೇ ಗೊತ್ತಿರಲ್ಲ. 'ಏನಾಯ್ತು, ಆಮೇಲೆ ಏನಾಯ್ತು' ಅಂತ ಕೇಳು. ಎದುರಿಗೆ ಕೂರಿಸ್ಕಂಡು ಪೊಲೀಸಿನೋರ ಥರ ಕೇಳ್ಬೇಡ, ಪಕ್ಕದಲ್ಲಿ ಕೆಲ್ಸ ಮಾಡ್ತಾ ಕೇಳು. ಅವ್ಳು ಬಾಯಿ ಬಿಟ್ರೆ ನೀನು ಬಾಯಿ ಮುಚ್ಕೊ. ಹೆದರಿದ ಮಕ್ಳು ತಪ್ಪು ಮಾಡೋದು ನಿಲ್ಲಿಸಲ್ಲ, ಯೋಳೋದು ನಿಲ್ಲಿಸ್ತವೆ. ಬಚ್ಚಿಟ್ಟಿದ್ದೇ ಕೊನೆಗೆ ಜೀವಕ್ಕೆ ಮುಳುವಾಗೋದು."

ಗುರುವಾರ ಬೆಳಕು ಹರಿಯುವಾಗ ಮುದ್ದಯ್ಯ ಮಗಳನ್ನು ಎಬ್ಬಿಸಿದ. "ಚೆಂಡುವ್ವ ಕುಯ್ಯಕ್ಕೆ ಆಳು ಸಿಕ್ಕಿಲ್ಲ. ಬಾಮ್ಮಿ ಒಸಿ." ಅವನ ಡ್ಯೂಟಿ ಅಂದು ಮಧ್ಯಾಹ್ನದ ಮೇಲಿತ್ತು.

ಊರಾಚೆ ಅವರಿಗೆ ಅರ್ಧ ಎಕರೆ ಚೆಂಡುಹೂವಿತ್ತು. ಒಂದು ಸಾಲಿನ ಈ ಕಡೆ ಅವನು, ಆ ಕಡೆ ಅವಳು. ಎದೆಯೆತ್ತರದ ಗಿಡ ನಡುವೆ. ಹೂ ಕಿತ್ತು ಚೀಲಕ್ಕೆ ಹಾಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎರಡು ಸಾಲು ಮುಗಿಯಿತು.

ಮೂರನೇ ಸಾಲಿಗೆ ತಿರುಗುವಾಗ ಅವನ ಕಣ್ಣಿಗೆ ಬಿತ್ತು. ಮಗಳು ಎಡಗಾಲನ್ನು ಎಳೆದು ಹಾಕುತ್ತಿದ್ದಳು.

"ಕಾಲಿಗೆ ಏನಾಯ್ತು?"

"ಏನಿಲ್ಲ."

ಕೂಗಬೇಕೆನಿಸಿತು. ಕೂಗಲಿಲ್ಲ. ಹೂ ಕೀಳುತ್ತಲೇ, "ಶನಿವಾರ ಏನಾಯ್ತಮ್ಮಿ?" ಎಂದ.

ಆಚೆ ಬದಿಯಲ್ಲಿ ನಾಲ್ಕೈದು ಹೂ ಚೀಲಕ್ಕೆ ಬಿದ್ದವು. ಆಮೇಲೆ ಗಿಡದ ಆಚೆಯಿಂದ ಸಣ್ಣ ದನಿ ಬಂತು.

"ಮಧ್ಯಾಹ್ನ ಕ್ಲಾಸಿರ್ನಿಲ್ಲ. ನನ್ ಕ್ಲಾಸಿನ ರಂಜಿನಿ ಅವ್ಳ ಅಣ್ಣಂಗೆ ಕಾರು ತಕ್ಕಂಡು ಬರೇಳಿದ್ಲು. ಬಂಡೀಪುರಕ್ಕೆ ಹೋಗಿ ಬರನ ಅಂದ್ರು. ನಾನು ಬರಲ್ಲ ಅಂದೆ. 'ವಾಚರ್ ಮಗ್ಳಾಗಿ ಹೆದ್ರುಪುಕ್ಲಿ' ಅಂದ್ರು."

"ಆಮೇಲೆ?"

"ಆನೆ ಕಾಣಿಸ್ತು. 'ನಿಮ್ಮಪ್ಪ ಆನೆ ಮುಂದೆ ನಿಂತಿದ್ರು ಅಂತ ಕೊಚ್ಕತೀಯಲ್ಲ, ನೀನು ನಿಲ್ಲು ನೋಡನ' ಅಂದ್ಲು ಒಬ್ಳು. ಇಳಿದ್ಬುಟ್ಟೆ."

ಮುದ್ದಯ್ಯನ ಕೈ ಹೂವಿನ ಮೇಲೆ ನಿಂತಿತು.

"ಆಮೇಲೆ?"

"ಅದು ನುಗ್ತು. ಓಡ್ದೆ. ಟಾರಿನ ಮೇಲೆ ಬಿದ್ದೆ. ಕಾರು ಎರಡು ಮಾರು ಮುಂದಕ್ಕೆ ಹೋಗ್ಬುಟ್ಟಿತ್ತು. ಸತ್ತೇಹೋದೆ ಅನ್ಕೊಂಡೆ ಅಪ್ಪ. ಅದು ಅರ್ಧಕ್ಕೇ ನಿಂತ್ಕಂತು." ದನಿ ಒಡೆಯಿತು. "ನೀನು ಯೋಳ್ತಿದ್ದಲ್ಲ, ಒಂಟಿ ಸಲಗ ಬಂದಾಗ ಎಲ್ಲಾ ಓಡ್ಬುಟ್ರು, ನಾನೊಬ್ನೇ ಹತ್ತು ಮಾರಲ್ಲಿ ಅಲುಗಾಡ್ದೆ ನಿಂತಿದ್ದೆ ಅಂತ. ನಾನೂ ನಿಲ್ತೀನಿ ಅನ್ಕೊಂಡಿದ್ದೆ. ನನ್ ಕೈಲಿ ಆಗ್ನಿಲ್ಲ."

ಆ ಕತೆಯನ್ನು ಮುದ್ದಯ್ಯ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ನೆಂಟರು ಬಂದಾಗ ಹೇಳಿದ್ದ, ಮಗಳು ಊಟ ಮಾಡದಿದ್ದಾಗ ಹೇಳಿದ್ದ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಹೇಳಿದ್ದ. ಪ್ರತಿ ಸಲವೂ ಆನೆ ಒಂದು ಮಾರು ಹತ್ತಿರ ಬರುತ್ತಿತ್ತು. ಮಗಳು ಕಣ್ಣರಳಿಸಿ ಕೇಳಿದ್ದಳು. ವಿಡಿಯೊದಲ್ಲಿ ಅವಳು ತನ್ನ ಹೆಸರು ಕೂಗಿದ್ದು ಮಾನ ಕಳೆಯುವುದಕ್ಕಲ್ಲ, ಅಪ್ಪನ ಮೇಲಿನ ಹೆಮ್ಮೆಗೆ. ಅದು ಅವನಿಗೆ ಈಗ ತಿಳಿಯಿತು.

ಅವನು ಗಿಡಗಳನ್ನು ಸರಿಸಿಕೊಂಡು ಆಚೆ ಹೋಗಿ ಬದುವಿನ ಮೇಲೆ ಕೂತ.

"ಭವ್ಯ, ಕುಂತ್ಕೊ. ಒಂದು ಯೋಳ್ತೀನಿ. ಅವತ್ತು ನಾನು ನಿಂತಿರ್ನಿಲ್ಲ."

ಅವಳು ಅರ್ಥವಾಗದೆ ನೋಡಿದಳು.

"ಎಲ್ರಿಗಿಂತ ಮುಂಚೆ ಓಡಿದೋನು ನಾನೇ. ಕಾಲು ಎಡವಿ ಹಳ್ಳಕ್ಕೆ ಬಿದ್ದೆ. ಎದ್ದು ಓಡಕ್ಕೆ ಕಾಲು ಬರ್ನಿಲ್ಲ. ಅದಕ್ಕೆ ಅಲುಗಾಡ್ದೆ ಬಿದ್ದಿದ್ದೆ. ಆನೆ ಅದರ ಪಾಡಿಗೆ ಓಯ್ತು. ಪ್ಯಾಂಟು ಒದ್ದೆಯಾಗಿತ್ತು ಕಣಮ್ಮಿ. ಜೊತೇಲಿದ್ದ ವಾಚರ್ ಗುರುಸ್ವಾಮಿ ಅವನ ಟವಲು ಕೊಟ್ಟಿದ್ದ, ಸುತ್ಕಂಡು ಕ್ಯಾಂಪಿಗೆ ಬಂದೆ. ಮೂರು ತಿಂಗ್ಳು ಕಣ್ಮುಚ್ಚಿದ್ರೆ ಅದರ ಕಿವೀನೇ ಕಾಣ್ತಿತ್ತು. ಅದನ್ನ ಯಾರಿಗೂ ಯೋಳ್ನಿಲ್ಲ. ನಿಂಗೂ ಯೋಳ್ನಿಲ್ಲ. ಯೋಳ್ಬೇಕಾಗಿತ್ತು."

ಭವ್ಯಳ ಬಾಯಿಯ ಅಂಚು ಅಲುಗಿತು. "ಟವಲ್ ಸುತ್ಕಂಡಾ?"

"ಕೆಂಪು ಚೌಕುಳಿ ಟವಲು."

ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಅಪ್ಪನ ಹೆಗಲಿಗೆ ತಲೆ ಕೊಟ್ಟು ಬಿಕ್ಕಿದಳು. ಮುದ್ದಯ್ಯ ಹೂವಿನ ಬಣ್ಣ ಅಂಟಿದ ಕೈಯಿಂದ ಅವಳ ತಲೆ ಸವರಿದ.

"ಈಗ ಕಾಲು ತೋರ್ಸು."

ಮಂಡಿಯ ಕೆಳಗೆ ಅಂಗೈಯಗಲ ಚರ್ಮ ಕಿತ್ತುಹೋಗಿತ್ತು. ಮೇಲೆ ಅರಿಶಿನ ಮೆತ್ತಿದ್ದಳು. ಸುತ್ತಲೂ ಕೆಂಪಾಗಿ ಊದಿ, ಒಂದು ಕಡೆ ಕೀವು ಕಟ್ಟಿತ್ತು. ಮೈ ಮುಟ್ಟಿದರೆ ಬಿಸಿ. ಐದು ದಿನ ಅದನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು ಓಡಾಡಿದ್ದಳು, ಅಪ್ಪ ಕಾಲು ಮುರಿಯುತ್ತಾನೆ ಎಂಬ ಹೆದರಿಕೆಯಲ್ಲಿ. ಬಚ್ಚಿಟ್ಟಿದ್ದೇ ಮುಳುವಾಗುತ್ತದೆ ಎಂದು ಗಂಗಾಂಬಿಕೆ ಹೇಳಿದ್ದು ಮುದ್ದಯ್ಯನಿಗೆ ಈಗ ಕಣ್ಣೆದುರು ಕಂಡಿತು.

ಹೂವಿನ ಚೀಲ ಅಲ್ಲೇ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಓಡಿದ. ನರ್ಸಮ್ಮ ಗಾಯ ತೊಳೆದು, ಕೀವು ತೆಗೆದು, ಪಟ್ಟಿ ಕಟ್ಟಿದರು. ಟಿ.ಟಿ. ಇಂಜೆಕ್ಷನ್ ಕೊಟ್ಟರು. ಡಾಕ್ಟರು ಐದು ದಿನದ ಮಾತ್ರೆ ಬರೆದು, "ಇನ್ನೆರಡು ದಿನ ಬಿಟ್ಟಿದ್ದರೆ ಅಡ್ಮಿಟ್ ಮಾಡಬೇಕಾಗುತ್ತಿತ್ತು. ಈಗ ಭಯವಿಲ್ಲ" ಎಂದರು. ಭಯವಿಲ್ಲ ಎಂಬ ಮಾತು ಕೇಳಿದ ಮೇಲೆ ಮುದ್ದಯ್ಯ ಹೊರಗಿನ ಬೆಂಚಿನ ಮೇಲೆ ಕೂತ. ಮಂಗಳವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಮೂರು ದಿನದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು. ಅಪ್ಪ ಮಗಳು ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದರು. ಭವ್ಯ ಆರು ತಿಂದಳು.

ಅಂದು ಮನೆಯಲ್ಲಿ ಮೂವರೂ ಕೂತು ಮಾತಾಡಿದರು. ಗೆಳತಿಯರಿಗೆ ಹೇಳಿ ವಿಡಿಯೊ ಅಳಿಸಿಸುವುದು, ರೇಂಜ್ ಆಫೀಸರ ಹತ್ತಿರ ತಾನೇ ಹೋಗಿ ತಪ್ಪೊಪ್ಪಿಕೊಳ್ಳುವುದು ಭವ್ಯಳ ಪಾಲಿಗೆ ಬಂತು. ಒಂದು ತಿಂಗಳು ಫೋನು ಸಂಜೆ ಅಡುಗೆಮನೆಯಲ್ಲೇ ಇರಬೇಕು. ಎಲ್ಲಿಗೆ ಹೋಗುತ್ತೇನೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬರುತ್ತೇನೆ, ಇದಿಷ್ಟನ್ನು ಹೇಳಿಯೇ ಹೋಗಬೇಕು. ಭವ್ಯ ಎಲ್ಲಕ್ಕೂ ಒಪ್ಪಿದಳು. ಒಪ್ಪಿ, ತನ್ನದೊಂದು ಮಾತು ಮುಂದಿಟ್ಟಳು.

"ಕಾಲೇಜ್ ಕಬಡ್ಡಿ ಟೀಮಿಗೆ ನನ್ನ ತಕ್ಕಂಡಿದ್ರು. ನೀನು ಸೈನ್ ಹಾಕ್ನಿಲ್ಲ. ಚಡ್ಡಿ ಹಾಕ್ಕಂಡು ಆಡೋದು ಬ್ಯಾಡ ಅಂದೆ."

ಮುದ್ದಯ್ಯ ಹೆಂಡತಿಯ ಮುಖ ನೋಡಿದ. ಪುಟ್ಟಮಾದಮ್ಮ, "ನನ್ನ ಯಾಕೆ ನೋಡ್ತೀಯ? ಆನೆ ಜೊತೆ ಆಡೋದಕ್ಕಿಂತ ಹುಡುಗೀರ ಜೊತೆ ಆಡೋದು ವಾಸಿ," ಎಂದಳು. ಗಾಯ ಮಾಗಿದ ಮೇಲೆ ಆಡುವುದು ಎಂದು ತೀರ್ಮಾನವಾಯಿತು. ಮುದ್ದಯ್ಯ ಸಹಿ ಹಾಕಿದ.

ಆಮೇಲೆ ಅವನೇ ಒಂದು ಮಾತು ಕೊಟ್ಟ. "ಎಲ್ಲೇ ಇರು, ಎಂಥ ತಪ್ಪೇ ಆಗಿರ್ಲಿ, ಜೊತೇಲಿದ್ದೋರು ಬ್ಯಾಡದ್ದಕ್ಕೆ ಎಳೀತಾವ್ರೆ ಅನ್ನಿಸ್ತೋ, ನಂಗೊಂದು ಫೋನ್ ಮಾಡು. ಬತ್ತೀನಿ. ದಾರೀಲಿ ಒಂದು ಮಾತೂ ಕೇಳಲ್ಲ."

"ಬಯ್ಯಲ್ವಾ?"

"ಬೈತೀನಿ. ಮನೆಗೆ ಬಂದು, ಉಂಡು, ಮಲ್ಗೆದ್ದ ಮೇಲೆ ಬೈತೀನಿ."

ಭಾನುವಾರ ಹತ್ತು ಗಂಟೆಗೆ ರಾಜಣ್ಣ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಹೊಸ ಶಲ್ಯ. ಗಂಡಿನ ಕಡೆಯವರನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿ ಬಂದಿದ್ದ.

"ಎಲ್ಲಾ ರೆಡಿಯೇನಮ್ಮ? ಹುಡ್ಗಿಗೆ ಸೀರೆ ಉಡ್ಸಿದ್ದೀಯ?"

"ಹುಡ್ಗಿ ಓದ್ತಾವ್ಳೆ," ಎಂದಳು ಪುಟ್ಟಮಾದಮ್ಮ. "ಎರಡು ದಿನ ಕ್ಲಾಸು ತಪ್ಪಿತ್ತು. ನೋಟ್ಸ್ ಬರ್ಕತಾವ್ಳೆ."

ಮುದ್ದಯ್ಯ ಹೊರಗೆ ಬಂದ. "ಅಣ್ಣ, ಅವತ್ತು ಸಿಟ್ಟಲ್ಲಿ ಬರೇಳು ಅಂದೆ. ತಪ್ಪು ನಂದು. ಅವ್ರಿಗೆ ಕೈ ಮುಗ್ದು ಯೋಳ್ಬುಡು. ಮಗ್ಳಿಗೆ ಹದಿನಾರು. ಮದುವೆ ಮಾತಿಲ್ಲ."

"ಏನ್ಲಾ ಇದು, ಹೆಣ್ಣೆಂಗ್ಸು ಮಾತು ಕೇಳ್ಕಂಡು ನನ್ ಮರ್ಯಾದೆ ತೆಗೀತೀಯಾ? ಬಂದೋರಿಗೆ ಏನು ಮುಖ ತೋರ್ಸಲಿ?"

"ಇಸ್ಕೂಲ್ ಮಗೂನ ತೋರ್ಸಕ್ಕೆ ಕರ್ಕಂಡು ಬಂದಿದ್ದೆ ಅಂತ ಅವ್ರಿಗೆ ಗೊತ್ತಾಗಿದ್ರೆ ಯಾವ ಮುಖ ತೋರಿಸ್ತಿದ್ದೆ? ಅದೇ ತೋರ್ಸು."

ರಾಜಣ್ಣನ ಮುಖ ಕಪ್ಪಾಯಿತು. "ಇವತ್ತು ಆನೆ ಮುಂದೆ ನಿಂತ್ಳು. ನಾಳೆ ಇನ್ನೊಂದು ಮಾಡ್ಕಂಡು ಬತ್ತಾಳೆ. ಆಗ ನನ್ ಬಾಗ್ಲಿಗೆ ಬರ್ಬ್ಯಾಡ!"

"ಮಾಡ್ಕಂಡ್ರೂ ಮಾಡ್ಕಬೋದು ಕಣಣ್ಣ, ವಯಸ್ಸು ಅಂಥದ್ದು," ಎಂದ ಮುದ್ದಯ್ಯ. ಕೂಗಲಿಲ್ಲ. "ಆದ್ರೆ ಬತ್ತಾಳೆ ಅಂದ್ಯಲ್ಲ, ಅಷ್ಟು ಸಾಕು ನಂಗೆ. ಮನೆಗೆ ಬರ್ಲಿ, ನನ್ ಹತ್ರ ಯೋಳ್ಲಿ."

ಪುಟ್ಟಮಾದಮ್ಮ ಕಾಫಿ ತಂದಳು. ರಾಜಣ್ಣ ಮುಟ್ಟಲಿಲ್ಲ. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಬೀದಿಯ ತಿರುವಿನಲ್ಲಿ ಒಮ್ಮೆ ನಿಂತ, ಕರೆಯುತ್ತಾರೇನೋ ಎಂದು. ಯಾರೂ ಕರೆಯಲಿಲ್ಲ. ಹೋದವನು ಮತ್ತೆ ಆ ಮನೆಗೆ ಬರಲಿಲ್ಲ.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನೇರವಾಗಿ ಒಂದು ಮಾತು. ನಿಮ್ಮ ಮನೆಯಲ್ಲಿ ಹದಿಹರೆಯದ ಮಗನೋ ಮಗಳೋ ಇದ್ದರೆ ಒಂದಲ್ಲ ಒಂದು ದಿನ ಎದೆ ನಡುಗಿಸುವ ಕೆಲಸ ಮಾಡಿಯೇ ಮಾಡುತ್ತಾರೆ. ಆ ದಿನ ನಿಮಗೆ ಸಿಟ್ಟು ಬರುತ್ತದೆ. ಬರಲಿ, ಆದರೆ ಸಿಟ್ಟಿನಲ್ಲಿ ತೀರ್ಮಾನ ಮಾಡಬೇಡಿ. ಒಂದು ರಾತ್ರಿ ಕಳೆಯಲಿ. ಮೊದಲು ಮಕ್ಕಳ ಮೈ ನೋಡಿ, ಗಾಯವಿದೆಯೇ ಎಂದು. ಆಮೇಲೆ ಏನಾಯಿತು ಎಂದು ಕೇಳಿ, ಕೇಳಿ ಸುಮ್ಮನಿರಿ. ಕಟ್ಟುಪಾಡು ಹಾಕಿ, ಆದರೆ ಅವರನ್ನೂ ಕೂರಿಸಿಕೊಂಡು ಹಾಕಿ. ಅವರ ಸ್ನೇಹಿತರ ಹೆಸರು ತಿಳಿದುಕೊಳ್ಳಿ. ಧೈರ್ಯ ತೋರಿಸಲು ಆಟವೋ ಈಜೋ ಎನ್‌ಸಿಸಿಯೋ ಒಂದು ಒಳ್ಳೆಯ ಜಾಗ ಕೊಡಿ. ನೀವು ಮಾಡಿದ ಸಾಹಸಗಳನ್ನು ಕೊಚ್ಚಿಕೊಳ್ಳುವಾಗ ನೀವು ಹೆದರಿದ್ದನ್ನೂ ಹೇಳಿ. ನಿಮ್ಮ ಕೈಮೀರಿದೆ ಅನ್ನಿಸಿದರೆ ನಾಚಿಕೆ ಬೇಡ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗೆ ಹೋಗಿ. ಎಲ್ಲಾದರೂ ಮಕ್ಕಳಿಗೆ ಮದುವೆ ಮಾಡುತ್ತಿರುವುದು ಗೊತ್ತಾದರೆ 1098ಕ್ಕೆ ಫೋನ್ ಮಾಡಿ.

ರಾಜಣ್ಣನಂಥವರು ಎಲ್ಲ ಊರಲ್ಲೂ ಇದ್ದಾರೆ. ನಿಮ್ಮ ಬಾಗಿಲಿಗೂ ಬರುತ್ತಾರೆ. ನೀರು ಕೊಡಿ, ಕಾಫಿ ಕೊಡಿ. ಮಗಳನ್ನು ಕೊಡಬೇಡಿ.